ಆಪ್ತವಾಕ್ಯವೂ ಮೊಬೈಲ್ ಪಾಠವೂ

ಮೊಬೈಲ್ ಫೋನಿನಲ್ಲಿ ಪಾಠ ಚಿತ್ರೀಕರಿಸಿ ಹಂಚುವ ಕೆಲಸ ಹಳ್ಳಿಯ ಶಾಲೆಯಿಂದ ಮಠದ ಪ್ರವಚನದವರೆಗೆ ಎಲ್ಲೆಡೆ ನಡೆದಿದೆ. ಹತ್ತನೆಯ ತರಗತಿಯ ಗಣಿತ, ಪಂಪ್‌ಸೆಟ್ ದುರಸ್ತಿ, ಹೊಲಿಗೆ, ವಚನದ ವ್ಯಾಖ್ಯಾನ, ಗೀತೆಯ ಪ್ರವಚನ, ಎಲ್ಲಕ್ಕೂ ಉಪಕರಣ ಒಂದೇ. ಬೆಳಕು ಎಲ್ಲಿಂದ ಬರಬೇಕು, ಮೈಕ್ ಎಲ್ಲಿ ಸಿಕ್ಕಿಸಬೇಕು, ಫೋನನ್ನು ಯಾವ ಎತ್ತರದಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಕಷ್ಟವಲ್ಲ. ಒಂದೆರಡು ವಾರ ಕೈ ಪಳಗಿದರೆ ಸಾಕು. ಅದರ ಹಿಂದಿರುವ ಪ್ರಶ್ನೆ ಮಾತ್ರ ಹಳೆಯದು, ಸುಲಭಕ್ಕೆ ಬಗೆಹರಿಯದ್ದು. ಇನ್ನೊಬ್ಬರ ಮಾತು ಕೇಳಿದವನಲ್ಲಿ ಜ್ಞಾನ ಹುಟ್ಟಿತು ಎಂದು ಯಾವಾಗ ಹೇಳಬಹುದು, ಬರೀ ನಂಬಿಕೆ ಹುಟ್ಟಿತು ಎಂದು ಯಾವಾಗ ಹೇಳಬೇಕು? ಭಾರತೀಯ ದರ್ಶನಗಳು ಶಬ್ದಪ್ರಮಾಣ, ಅಂದರೆ ಜ್ಞಾನಕ್ಕೆ ಸಾಧನವಾಗುವ ಮಾತು, ಎಂಬ ಹೆಸರಿನಲ್ಲಿ ಇದನ್ನೇ ಚರ್ಚಿಸಿವೆ. ವಿಡಿಯೊಕ್ಕೆ ಅಚ್ಚುಕಟ್ಟಾದ, ವೃತ್ತಿಪರ ರೂಪ ಕೊಡುವ ಕಸುಬು ಜ್ಞಾನದ ಕಡೆಗೆ ನಿಲ್ಲುತ್ತದೆಯೋ ನಂಬಿಕೆಯ ಕಡೆಗೋ ಎಂಬುದು ಆ ಚರ್ಚೆಯ ಬೆಳಕಿನಲ್ಲಿ ಮಾತ್ರ ಸ್ಪಷ್ಟವಾಗುತ್ತದೆ.

ಹೇಳುವವನಿಲ್ಲದೆ ಮಾತು ಮಾತ್ರ ತಲುಪುವ ವ್ಯವಸ್ಥೆ ಕೊಪ್ಪಳ ಸೀಮೆಗೆ ಹೊಸದಲ್ಲ. ಕೊಪ್ಪಳದ ಗವಿಮಠದ ಗುಡ್ಡದಲ್ಲಿಯೂ ಪಾಲ್ಕಿಗುಂಡುವಿನಲ್ಲಿಯೂ ಅಶೋಕನ ಕಿರು ಬಂಡೆಶಾಸನಗಳಿವೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೆತ್ತಿದ ಧರ್ಮೋಪದೇಶ ಅದು. ಉಪದೇಶಿಸಿದವನು ನೂರಾರು ಮೈಲಿ ದೂರದ ಪಾಟಲಿಪುತ್ರದವನು. ಕೇಳಬೇಕಾದವರ ಮನೆಮಾತು ಬೇರೆ. ಬಂಡೆ ತಾನಾಗಿ ಮಾತನಾಡದೆಂಬುದು ಅಶೋಕನಿಗೆ ತಿಳಿದಿತ್ತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಕಾಳಿಕಾ ಗುಡಿಯ ವಿಗ್ರಹಕ್ಕೆ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ದೊರೆತ ಶಾಸನಗಳ ಪೈಕಿ ಎರಡು, ಒಡಿಶಾದ ಧೌಲಿ ಮತ್ತು ಜೌಗಡದಲ್ಲಿಯೂ ಇರುವ ಪ್ರತ್ಯೇಕ ಶಾಸನಗಳೇ. ಈ ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಜನರಿಗೆ ಓದಿ ಕೇಳಿಸಬೇಕು, ಕೇಳಲು ಒಬ್ಬನೇ ಬಂದರೂ ಓದಬೇಕು ಎಂಬ ಆಜ್ಞೆ ಅವುಗಳಲ್ಲಿದೆ. ಕಲ್ಲಿನ ಪಕ್ಕದಲ್ಲಿ ಓದಿ ಹೇಳುವ ಮನುಷ್ಯನೊಬ್ಬ ಇರತಕ್ಕದ್ದು ಎಂಬ ಷರತ್ತು ಅದು. ಇಂದಿನ ಎಷ್ಟೋ ವಿಡಿಯೊ ಪಾಠಗಳ ಯೋಜನೆಯಲ್ಲಿ ಈ ಷರತ್ತು ಕಾಣುವುದಿಲ್ಲ.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಮಾತನ್ನು ಕಾಯುವ ಕೆಲಸ ಒಂದು, ಕಲಿಸುವ ಕೆಲಸ ಇನ್ನೊಂದು ಎಂಬ ವಿಂಗಡಣೆ ಸ್ಪಷ್ಟವಾಗಿಯೇ ಇತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ ಅಲ್ಲಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ ಲೆಕ್ಕ ಕೊಡುತ್ತದೆ. ವೇದ ಓದುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರ ಓದುವ ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಇವರಲ್ಲದೆ ಪುಸ್ತಕಗಳನ್ನು ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗರು. ಭಂಡಾರಿಗ ಓಲೆಗರಿಯನ್ನು ಹುಳು ತಿನ್ನದಂತೆ ಕಾಯುತ್ತಿದ್ದ. ಅರ್ಥ ಹೇಳುವುದು ಉಪಾಧ್ಯಾಯನ ಹೊಣೆ. ಎರಡಕ್ಕೂ ಬೇರೆ ಬೇರೆ ಉಂಬಳಿ. ಫೋನಿನ ಮೆಮೊರಿಯಲ್ಲಿ ತುಂಬಿಟ್ಟ ಪಾಠ ಇವೆರಡರಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಕೇಳಿದರೆ ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ಭಂಡಾರಿಗನದು. ಅದೇನು ಸಣ್ಣ ಕೆಲಸವಲ್ಲ. ಫ.ಗು. ಹಳಕಟ್ಟಿಯವರು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು ವಚನಗಳ ತಾಡೋಲೆಗಳನ್ನು ಅಚ್ಚಿಗೆ ತಂದಾಗ ಮಾಡಿದ್ದೂ ಮುಖ್ಯವಾಗಿ ಅದನ್ನೇ. ಆ ಭಂಡಾರ ಇಲ್ಲದಿದ್ದರೆ ಇಪ್ಪತ್ತನೆಯ ಶತಮಾನದ ವಚನ ವ್ಯಾಖ್ಯಾನವೇ ಇರುತ್ತಿರಲಿಲ್ಲ.

ಪರದೆಯ ಮೇಲೆ ಚಲಿಸುವ ಚಿತ್ರದಿಂದ ಪಾಠ ಹೇಳುವ ಪದ್ಧತಿಯೂ ಈ ನೆಲಕ್ಕೆ ಪರಿಚಿತ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲುಗೊಂಬೆಯಾಟಕ್ಕಾಗಿ. ಹದ ಮಾಡಿದ ತೊಗಲಿಗೆ ಬಣ್ಣ ಹಚ್ಚಿ, ಬಿಳಿ ಪರದೆಯ ಹಿಂದೆ ದೀಪವಿಟ್ಟು, ರಾಮಾಯಣ ಮಹಾಭಾರತದ ಪ್ರಸಂಗಗಳನ್ನು ಹಳ್ಳಿಗೆ ಹಳ್ಳಿಯೇ ನೋಡುವಂತೆ ಆಡಿಸುವ ಕಲೆ. ಅಕ್ಷರ ಬಾರದವರಿಗೆ ಧರ್ಮಾಧರ್ಮದ ತರ್ಕ ತಲುಪಿದ್ದು ಬಹುಮಟ್ಟಿಗೆ ಇಂಥ ಆಟಗಳಿಂದ, ಶ್ರಾವಣದಲ್ಲಿ ಮಠದ ಅಂಗಳದಲ್ಲಿ ತಿಂಗಳುಗಟ್ಟಲೆ ಹಚ್ಚುವ ಪುರಾಣ ಪ್ರವಚನಗಳಿಂದ. ಗೊಂಬೆಯಾಟ ತಾನು ಆಟವೆಂಬುದನ್ನು ಮುಚ್ಚಿಡುವುದಿಲ್ಲ. ರಾವಣನ ಹಿಂದೆ ಕೈಯೊಂದಿದೆ, ಕೈಯ ಹಿಂದೆ ಹಾಡುವ ಮನೆತನವಿದೆ ಎಂಬುದು ನೋಡುವ ಮಗುವಿಗೂ ಗೊತ್ತು. ವೃತ್ತಿಪರವಾಗಿ ಚಿತ್ರೀಕರಿಸಿದ ಪಾಠದ ಗುಣ ಇದಕ್ಕೆ ತದ್ವಿರುದ್ಧ. ಅದರ ಯಶಸ್ಸು ಇರುವುದೇ ಹಿಂದಿನ ಕೈ ಕಾಣದಂತೆ ಮಾಡುವುದರಲ್ಲಿ.

ಈ ವ್ಯತ್ಯಾಸ ಏಕೆ ಮುಖ್ಯವೆಂಬುದನ್ನು ನ್ಯಾಯದರ್ಶನ ವಿವರಿಸುತ್ತದೆ. ನೈಯಾಯಿಕರ ಪ್ರಕಾರ ಆಪ್ತನ ಮಾತು ಪ್ರಮಾಣ. ಯಾರು ಆಪ್ತ? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಜಾತಿಯನ್ನಾಗಲಿ ಪೀಠವನ್ನಾಗಲಿ ಲಕ್ಷಣವಾಗಿ ಹೇಳಲಿಲ್ಲ. ವಸ್ತುವನ್ನು ತಾನೇ ನೇರವಾಗಿ ಕಂಡುಕೊಂಡಿರಬೇಕು, ಕಂಡದ್ದನ್ನು ಕಂಡ ಹಾಗೆ ಹೇಳಬೇಕೆಂಬ ಇಚ್ಛೆಯಿರಬೇಕು. ಇಷ್ಟಿದ್ದರೆ ಋಷಿ, ಆರ್ಯ, ಮ್ಲೇಚ್ಛ ಯಾರೂ ಆಪ್ತರಾಗಬಹುದು. ಕಾಲವನ್ನು ನೆನೆದರೆ ಇದು ಬಹಳ ಧೈರ್ಯದ ಮಾತು. ಸೂತ್ರಕಾರ ಶಬ್ದವನ್ನು ಎರಡಾಗಿ ವಿಂಗಡಿಸುತ್ತಾನೆ: ಇಲ್ಲಿಯೇ ಕಂಡು ಪರೀಕ್ಷಿಸಬಹುದಾದ ವಿಷಯದ್ದು ದೃಷ್ಟಾರ್ಥ, ಪರಲೋಕ, ಕರ್ಮಫಲ, ಮೋಕ್ಷದಂಥ ವಿಷಯದ್ದು ಅದೃಷ್ಟಾರ್ಥ. ಪಂಪ್‌ಸೆಟ್ಟಿನ ವಿಡಿಯೊ ನೋಡಿ ರೈತ ಕೆಪಾಸಿಟರ್ ಬದಲಿಸಿದ, ಮೋಟಾರು ತಿರುಗಿತು ಎಂದರೆ ಆ ಮಾತು ಪ್ರಮಾಣವೆಂದು ಹೊಲದಲ್ಲಿಯೇ ತೀರ್ಮಾನವಾಯಿತು. ಪ್ರವೃತ್ತಿ ಫಲಿಸಿದ್ದರಿಂದ ಜ್ಞಾನ ನಿಜವೆಂದು ತಿಳಿಯುತ್ತದೆ ಎಂಬ ನೈಯಾಯಿಕರ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಂಥ ವಿಡಿಯೊ ಮಸುಕಾಗಿದ್ದರೂ, ಹಿನ್ನೆಲೆಯಲ್ಲಿ ಎಮ್ಮೆ ಕೂಗಿದರೂ ಕೆಲಸ ಕೆಡುವುದಿಲ್ಲ. ಸತ್ತ ಮೇಲೆ ಜೀವ ಎಲ್ಲಿಗೆ ಹೋಗುತ್ತದೆ ಎಂದು ವಿವರಿಸುವ ವಿಡಿಯೊಕ್ಕೆ ಹೊಲದ ಪರೀಕ್ಷೆಯಿಲ್ಲ. ಅಲ್ಲಿ ಕೇಳುಗ ಮಾತನ್ನು ಅಳೆಯಲಾರದೆ ಮಾತಾಡುವವನನ್ನು ಅಳೆಯುತ್ತಾನೆ. ಮಾತಾಡುವವನೂ ಎದುರಿಗಿಲ್ಲದಿರುವುದರಿಂದ ಅವನ ಚಿತ್ರವನ್ನು ಅಳೆಯುತ್ತಾನೆ. ಸಮನಾದ ಬೆಳಕು, ತುಂಬಿದ ಧ್ವನಿ, ಬೆನ್ನ ಹಿಂದೆ ಪುಸ್ತಕದ ಕಪಾಟು ಇವೆಲ್ಲ ಆಗ ಆಪ್ತತೆಯ ಗುರುತುಗಳಂತೆ ಕೆಲಸ ಮಾಡತೊಡಗುತ್ತವೆ. ಸಾಕ್ಷ್ಯ ಎಲ್ಲಿ ಅತಿ ಕಡಿಮೆಯೋ ಅಲ್ಲಿಯೇ ಮೆರುಗಿನ ತೂಕ ಅತಿ ಹೆಚ್ಚು. ವಿಡಿಯೊ ಪಾಠದ ತಾತ್ವಿಕ ತೊಡಕೆಲ್ಲ ಇಲ್ಲಿದೆ.

ಮೀಮಾಂಸಕರು ಈ ಬಗ್ಗೆ ಇನ್ನೂ ಬಿಗಿ. ಕುಮಾರಿಲ ಭಟ್ಟನ ಪ್ರಕಾರ ಜ್ಞಾನ ಸ್ವತಃ ಪ್ರಮಾಣ, ಆದರೆ ಮನುಷ್ಯನ ಮಾತಿಗೆ ಹೇಳುವವನ ದೋಷ ಅಂಟಿಕೊಳ್ಳಬಹುದು. ವೇದಕ್ಕೆ ಕರ್ತೃವೇ ಇಲ್ಲದ್ದರಿಂದ ಆ ದೋಷವಿಲ್ಲ. ಪ್ರಭಾಕರನದು ಮತ್ತೂ ಒಂದು ಹೆಜ್ಜೆ ಮುಂದೆ: ಮನುಷ್ಯನ ಮಾತಿನಿಂದ ನಮಗೆ ತಿಳಿಯುವುದು ಅವನ ಅಭಿಪ್ರಾಯವಷ್ಟೇ, ಅದೂ ಅನುಮಾನದಿಂದ. ಈ ಕಟ್ಟುನಿಟ್ಟನ್ನು ಒಪ್ಪಬೇಕಾಗಿಲ್ಲ. ಒಪ್ಪಿದರೆ ಗಣಿತದ ಮಾಸ್ತರರ ಮಾತೂ ಪ್ರಮಾಣವಾಗಿ ಉಳಿಯದು. ಅಚ್ಚುಕಟ್ಟಾದ ವಿಡಿಯೊವೊಂದನ್ನು ನೋಡಿ ಮುಗಿಸಿದ ಮೇಲೆ ಹಿಡಿಯಬಹುದಾದ ತಕ್ಕಡಿಯಾಗಿ ಮಾತ್ರ ಅದು ಉಪಯುಕ್ತ.

ಹಾಗೆಂದು ಕಸುಬನ್ನೆಲ್ಲ ಆಡಂಬರವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ಬ್ರಹ್ಮದ ಮಾತಿಗೆ ಮೊದಲು ಉಚ್ಚಾರದ ಮಾತು ಎತ್ತುತ್ತದೆ. ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ ಎಂಬ ಆರು ಸಂಗತಿಗಳಲ್ಲಿ ಶಿಕ್ಷಣವಾದ ಮೇಲೆ ಮುಂದಿನದು. ಕೇಳಿಸದ ಮಾತು ಪ್ರಮಾಣವೂ ಅಲ್ಲ, ಅಪ್ರಮಾಣವೂ ಅಲ್ಲ. ಅದು ಮಾತೇ ಅಲ್ಲ. ಆದ್ದರಿಂದ ಪಾಠದ ಚಿತ್ರೀಕರಣದಲ್ಲಿ ಮೊದಲ ಗಮನ ಧ್ವನಿಗೆ ಸಲ್ಲಬೇಕು, ಚಿತ್ರಕ್ಕಲ್ಲ. ಫೋನಿನ ಒಳಗಿನ ಮೈಕ್ ಹತ್ತಿರದ್ದು ದೂರದ್ದು ಎನ್ನದೆ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ತಗಡಿನ ಮಾಡಿನ ತರಗತಿಯಲ್ಲಿ ಎರಡು ಮಾರು ದೂರ ನಿಂತು ಮಾತಾಡಿದರೆ ಗೋಡೆಗೆ ಬಡಿದು ಬಂದ ಪ್ರತಿಧ್ವನಿ ಮೂಲ ಮಾತಿನ ಮೇಲೆ ಕುಳಿತು ಮಹಾಪ್ರಾಣ ಅಲ್ಪಪ್ರಾಣಗಳ ವ್ಯತ್ಯಾಸವನ್ನೇ ಅಳಿಸುತ್ತದೆ. ಅಂಗಿಯ ಗುಂಡಿಯ ಹತ್ತಿರ, ಬಾಯಿಂದ ಒಂದು ಗೇಣು ಕೆಳಗೆ ಕಾಲರ್ ಮೈಕ್ ಸಿಕ್ಕಿಸುವುದು, ಫ್ಯಾನ್ ಆರಿಸುವುದು, ಕಿಟಕಿಗೆ ದಪ್ಪ ಪರದೆ ಅಥವಾ ಕಂಬಳಿ ಇಳಿಬಿಡುವುದು, ಕರೆ ಬಂದು ಪಾಠ ಕಡಿಯದಂತೆ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕುವುದು — ಇಷ್ಟು ಸಣ್ಣ ಕೆಲಸಗಳಿಂದ ಮಾತು ನಿಚ್ಚಳವಾಗುತ್ತದೆ. ಇವುಗಳಲ್ಲಿ ಒಂದೂ ಗುರುವಿನ ಘನತೆಯನ್ನು ಹೆಚ್ಚಿಸುವ ಕೆಲಸವಲ್ಲ. ಲಾಭವೆಲ್ಲ ಕೇಳುವವನಿಗೆ.

ಬೆಳಕಿನ ವಿಷಯ ಅಷ್ಟು ನೇರವಾಗಿಲ್ಲ. ಅದನ್ನು ನೋಡಲು ಇಟಗಿಯ ಮಹಾದೇವ ದೇವಾಲಯಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ, ಈಗ ಕುಕನೂರು ತಾಲ್ಲೂಕಿಗೆ ಸೇರಿದ ಈ ಊರಿನ ಗುಡಿಯನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ತಂದೆಯ ನೆನಪಿಗೆ ಮೂರ್ತಿನಾರಾಯಣನ ಗುಡಿ, ತಾಯಿಯ ನೆನಪಿಗೆ ಚಂದ್ರಲೇಶ್ವರಿಯ ಗುಡಿ ಅದೇ ಆವರಣದಲ್ಲಿವೆ. ದೇವಾಲಯ ಚಕ್ರವರ್ತಿ ಎಂಬ ಬಿರುದು ಅಲ್ಲಿಯ ಶಾಸನವೇ ಕೊಟ್ಟದ್ದು. ಬಳಪದ ಕಲ್ಲಿನ ಕೆಲಸ, ಚರಕಿ ಹಿಡಿದು ತಿರುವಿದಂತೆ ನುಣುಪಾದ ಕಂಬಗಳು, ಪೂರ್ವಕ್ಕೆ ಮುಖ ಮಾಡಿದ ತೆರೆದ ಮಂಟಪ. ಸ್ಥಳೀಯ ಇತಿಹಾಸದ ಪಾಠ ಮಾಡುವ ಶಿಕ್ಷಕರು ಫೋನು ಹಿಡಿದು ಬರುವುದು ಸಹಜ. ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಟ್ರೈಪಾಡ್ ನಿಲ್ಲಿಸಿ ಚಿತ್ರೀಕರಿಸುವವರು ಮೊದಲೇ ಅನುಮತಿ ಪಡೆಯಬೇಕು.

ಒಳಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರೆ ಫೋನು ಹೊರಗಿನ ಬಿಸಿಲನ್ನು ಅಳೆದು ಮಾತಾಡುವವರನ್ನು ಕರಿನೆರಳಾಗಿಸುತ್ತದೆ. ಬಾಗಿಲಿನ ಬೆಳಕು ಮುಖದ ಮೇಲೆ ಓರೆಯಾಗಿ ಬೀಳುವಂತೆ ತಿರುಗಿ ನಿಂತು, ಪರದೆಯ ಮೇಲೆ ಮುಖವಿರುವಲ್ಲಿ ಬೆರಳನ್ನು ಒತ್ತಿ ಹಿಡಿದು ಬೆಳಕನ್ನೂ ಫೋಕಸ್ಸನ್ನೂ ಬಿಗಿ ಮಾಡಿದರೆ ಚಿತ್ರ ಮಧ್ಯದಲ್ಲಿ ಹೊಯ್ದಾಡುವುದಿಲ್ಲ. ಶಾಲೆಯ ಕೋಣೆಯಲ್ಲಾದರೆ ಇನ್ನೊಂದು ಕಾಟ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದಾದ್ದರಿಂದ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ತಿಳಿಯದ ಈ ಏರಿಳಿತ ವಿಡಿಯೊದಲ್ಲಿ ಅಡ್ಡಪಟ್ಟಿಗಳಾಗಿ ತೇಲುತ್ತದೆ. ಶಟರನ್ನು ಸೆಕೆಂಡಿನ 50ನೆಯ ಅಥವಾ 100ನೆಯ ಒಂದು ಭಾಗಕ್ಕೆ ಕೂರಿಸಿದರೆ ಅದು ನಿಲ್ಲುತ್ತದೆ. ಇದೂ ಧ್ವನಿಯಂತೆಯೇ ನಿರಪರಾಧಿ ಕಸುಬು.

ಗರ್ಭಗುಡಿಯ ಕಡೆ ತಿರುಗಿದ ಕೂಡಲೇ ಪ್ರಶ್ನೆ ಬದಲಾಗುತ್ತದೆ. ಈಚಿನ ಫೋನುಗಳು ಬೇರೆ ಬೇರೆ ಪ್ರಮಾಣದ ಬೆಳಕಿನಲ್ಲಿ ಹಿಡಿದ ಹಲವು ಚಿತ್ರಗಳನ್ನು ಬೆಸೆದು ಒಂದಾಗಿಸುತ್ತವೆ. ಕತ್ತಲಲ್ಲಿದ್ದದ್ದು ಬೆಳ್ಳಗಾಗಿ, ಬಿಸಿಲಲ್ಲಿದ್ದದ್ದು ತಣ್ಣಗಾಗಿ ಒಟ್ಟಿಗೆ ಕಾಣುತ್ತದೆ. ಅಂಥ ನೋಟವನ್ನು ಯಾವ ಕಣ್ಣೂ ಆ ಜಾಗದಲ್ಲಿ ನಿಂತು ಕಂಡಿಲ್ಲ. ಬಿಸಿಲಿನ ಮಂಟಪದಿಂದ ನಸುಗತ್ತಲ ನವರಂಗಕ್ಕೆ, ಅಲ್ಲಿಂದ ಕತ್ತಲೆಯ ಗರ್ಭಗುಡಿಗೆ ಹೆಜ್ಜೆ ಹೆಜ್ಜೆಗೂ ಬೆಳಕು ಇಳಿಯುವುದು ಆ ಕಟ್ಟಡದ ಮಾತಿನ ಭಾಗವೇ ಆಗಿದೆ. ಅದನ್ನು ಸಮ ಮಾಡಿ ತೋರಿಸಿದವರು ಕಂಡದ್ದನ್ನು ಕಂಡ ಹಾಗೆ ಹೇಳುವ ಇಚ್ಛೆಯಿಂದ ಒಂದು ಗೇಣು ಸರಿದಂತಾಯಿತು. ಯಂತ್ರವೇ ಮಾಡಿತೆಂಬುದು ಸಮಾಧಾನವಾಗದು, ಆ ಸೌಲಭ್ಯವನ್ನು ಆರಿಸುವ ಗುಂಡಿಯೂ ಅದೇ ಫೋನಿನಲ್ಲಿದೆ.

ಇದಕ್ಕೆ ಪ್ರತಿಯಾಗಿ ಬೆಳಕಿನ ಕಸುಬು ಜ್ಞಾನದ ಪರ ನಿಲ್ಲುವ ಸಂದರ್ಭವೂ ಅದೇ ಆವರಣದಲ್ಲಿದೆ. ಶಿಲಾಶಾಸನದ ಅಕ್ಷರಗಳು ಆಳವಿಲ್ಲದವು. ಎದುರಿನಿಂದ ಬೆಳಕು ಬಿದ್ದರೆ ಕಲ್ಲು ಸಪಾಟಾಗಿ ಕಾಣುತ್ತದೆ. ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಹೊಂದಿಸಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿ ಪಡಿಯಚ್ಚು ತೆಗೆಯುವುದು ಇದೇ ಕಾರಣಕ್ಕೆ. ಮುಂಜಾನೆಯ ಓರೆ ಬಿಸಿಲಿನಲ್ಲಿ, ಅಥವಾ ಕಲ್ಲಿನ ಒಂದು ಪಕ್ಕದಿಂದ ಬ್ಯಾಟರಿ ಹಿಡಿದು ಚಿತ್ರೀಕರಿಸಿದರೆ ಅಕ್ಷರದ ಒಂದು ಅಂಚು ನೆರಳಾಗಿ, ಇನ್ನೊಂದು ಅಂಚು ಹೊಳೆದು ಹಳಗನ್ನಡ ಲಿಪಿಯ ಗೆರೆಗಳು ಎದ್ದು ನಿಲ್ಲುತ್ತವೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿ, ಚಾಲುಕ್ಯ ವಿಕ್ರಮ ವರ್ಷ 1076ರಿಂದ ಆರಂಭವಾಗುತ್ತದೆ ಎಂದು ಹೇಳಿ, ಕೂಡುವ ಲೆಕ್ಕ ತೋರಿಸಿದರೆ ಗುಡಿಯ ಕಾಲ ಮಾಸ್ತರರ ಬಾಯಿಮಾತಾಗಿ ಉಳಿಯುವುದಿಲ್ಲ. ನೋಡುವ ಹುಡುಗಿ ವಿಡಿಯೊ ನಿಲ್ಲಿಸಿ ತಾನೇ ತಾಳೆ ನೋಡಬಹುದು. ಪಕ್ಕದ ಬ್ಯಾಟರಿ ಅದೃಷ್ಟಾರ್ಥವನ್ನು ದೃಷ್ಟಾರ್ಥಕ್ಕೆ ಎಳೆದು ತಂದಿತು. ಹೀಗಾಗಿ ಕಸುಬಿನ ಒಂದೊಂದು ಉಪಾಯವನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷಿಸಬಹುದು: ಇದರಿಂದ ಕಲಿಯುವವನ ತಾಳೆ ನೋಡುವ ಶಕ್ತಿ ಹೆಚ್ಚಿತೋ, ಕಲಿಸುವವನ ಎತ್ತರ ಹೆಚ್ಚಿತೋ?

ಈ ಪರೀಕ್ಷೆಯಲ್ಲಿ ಕೆಲವು ಪ್ರಿಯ ಉಪಾಯಗಳು ಸೋಲುತ್ತವೆ. ಫೋನನ್ನು ಕಣ್ಣಿನ ಮಟ್ಟಕ್ಕೆ ಇಡುವುದು ಸರಿ. ಕೆಳಗಿನಿಂದ ಮೇಲಕ್ಕೆ ಹಿಡಿದರೆ ಮಾತಾಡುವವನು ಕಟೌಟಿನಂತೆ ದೊಡ್ಡವನಾಗುತ್ತಾನೆ. ತತ್ವದ ಮಾತಿನ ಕೆಳಗೆ ಕೊಳಲಿನ ಸಂಗೀತ ಹರಿಸುವುದು ಇನ್ನೊಂದು. ವಾದದಲ್ಲಿ ಸಂದು ಇರುವ ಕಡೆ ರಾಗ ತುಂಬಿಕೊಂಡು ಕೇಳುಗನಿಗೆ ಒಪ್ಪಿಗೆಯಾದಂಥ ಭಾವನೆ ಬರಿಸುತ್ತದೆ. ಶ್ರಾವಣದ ಪುರಾಣಗಳಲ್ಲಿಯೂ ಹಾರ್ಮೋನಿಯಂ ತಬಲಾ ಇರುತ್ತವೆ. ಶಾಸ್ತ್ರಿಗಳು ಮಾತು ನಿಲ್ಲಿಸಿದಾಗ ಗವಾಯಿಗಳು ಹಾಡುತ್ತಾರೆ. ಹಾಡು ಹಾಡಿನ ಜಾಗದಲ್ಲಿ, ಮಾತು ಮಾತಿನ ಜಾಗದಲ್ಲಿ. ಎರಡನ್ನೂ ಒಂದರ ಮೇಲೊಂದು ಹೇರುವ ಚಾಳಿ ಎಡಿಟಿಂಗಿನ ಕೊಡುಗೆ.

ಕತ್ತರಿಯ ವಿಷಯಕ್ಕೆ ಹೆಚ್ಚು ಎಚ್ಚರ ಬೇಕು. ಕೆಮ್ಮು, ತಡವರಿಕೆ, ಮರಳಿ ಹೇಳಿದ ವಾಕ್ಯ ಇವನ್ನು ಕತ್ತರಿಸುವುದು ರೂಢಿ. ಹತ್ತು ನಿಮಿಷದ ಮಾತು ಏಳು ನಿಮಿಷಕ್ಕೆ ಇಳಿದರೆ ಡೇಟಾ ಉಳಿಯುತ್ತದೆ, ಬೇಸರ ತಪ್ಪುತ್ತದೆ. ಗಣಿತದ ಮಾಸ್ತರು ಹಲಗೆಯ ಮೇಲೆ ಚಿಹ್ನೆ ತಪ್ಪಿ ಬರೆದು, ಮೂರನೆಯ ಸಾಲಿನಲ್ಲಿ ಉತ್ತರ ಹೊಂದದಿದ್ದಾಗ ಹಿಂದಕ್ಕೆ ಹೋಗಿ, ತಪ್ಪು ಹುಡುಕಿ ತಿದ್ದಿದ ಅರ್ಧ ನಿಮಿಷ ಮಾತ್ರ ಕತ್ತರಿಗೆ ಸಿಗಬಾರದು. ತಪ್ಪನ್ನು ಹೇಗೆ ಹಿಡಿಯಬೇಕೆಂಬುದನ್ನು ಕಲಿಸಿದ್ದು ಅದೊಂದೇ ಭಾಗ. ತತ್ವದ ಪಾಠದಲ್ಲಿ ಪ್ರಶ್ನೆಯೊಂದರ ಮುಂದೆ ಗುರು ಸುಮ್ಮನಾದ ಕ್ಷಣವೂ ಹೀಗೆಯೇ. ಮೌನ ಕತ್ತರಿಸಿದ ವಿಡಿಯೊದಲ್ಲಿ ಗುರು ಎಲ್ಲಕ್ಕೂ ಥಟ್ಟನೆ ಉತ್ತರ ಕೊಡುವವನಾಗಿ ಕಾಣುತ್ತಾನೆ, ಅಂಥ ಗುರು ಎಲ್ಲಿಯೂ ಇಲ್ಲ.

ಬೆಳಕು, ಧ್ವನಿ, ಕತ್ತರಿ ಎಲ್ಲ ಸರಿಹೋದರೂ ವಿಡಿಯೊದ ಆಚೆ ಉಳಿಯುವುದು ಒಂದಿದೆ. ಗುರುವಿನ ಸಾನ್ನಿಧ್ಯ ಎಂದು ಸಾಮಾನ್ಯವಾಗಿ ಹೇಳುವುದುಂಟು. ಆ ಉತ್ತರ ಅರ್ಧ ಸರಿ. ಛಾಂದೋಗ್ಯ ಉಪನಿಷತ್ತಿನ ಎಂಟನೆಯ ಅಧ್ಯಾಯದ ಕಥೆ ಇನ್ನರ್ಧವನ್ನು ಹೇಳುತ್ತದೆ. ಆತ್ಮವನ್ನು ತಿಳಿಯಬೇಕೆಂದು ದೇವತೆಗಳಿಂದ ಇಂದ್ರ, ಅಸುರರಿಂದ ವಿರೋಚನ ಇಬ್ಬರೂ ಪ್ರಜಾಪತಿಯ ಬಳಿ ಬಂದು 32 ವರ್ಷ ಇದ್ದರು. ಪ್ರಜಾಪತಿ ಇಬ್ಬರಿಗೂ ಒಂದೇ ಪಾಠ ಕೊಟ್ಟ. ನೀರಿನ ಪಾತ್ರೆಯಲ್ಲಿ ನಿಮ್ಮನ್ನು ನೋಡಿಕೊಳ್ಳಿ ಎಂದ, ನೋಡಿದರು. ಒಳ್ಳೆಯ ಬಟ್ಟೆ ಉಟ್ಟು, ಅಲಂಕರಿಸಿಕೊಂಡು ಮತ್ತೆ ನೋಡಿ ಎಂದ. ಅಲಂಕೃತ ಬಿಂಬ ಕಂಡಿತು. ಇದೇ ಆತ್ಮ ಎಂದಾಗ ಇಬ್ಬರೂ ಸಂತೃಪ್ತರಾಗಿ ಹೊರಟರು. ವಿರೋಚನ ಊರು ತಲುಪಿ ದೇಹವೇ ಆತ್ಮವೆಂದು ತನ್ನವರಿಗೆ ಕಲಿಸಲು ತೊಡಗಿದ. ಇಂದ್ರನಿಗೆ ದಾರಿಯಲ್ಲಿ ಸಂಶಯ ಬಂತು: ದೇಹ ಅಲಂಕೃತವಾದರೆ ಬಿಂಬ ಅಲಂಕೃತ, ದೇಹ ಕುರುಡಾದರೆ ಬಿಂಬವೂ ಕುರುಡು, ಇದರಲ್ಲೇನು ಹುರುಳು? ಅವನು ಮರಳಿ ಬಂದ. ಮತ್ತೆ 32 ವರ್ಷ, ಮತ್ತೆ ಸಂಶಯ, ಮತ್ತೆ 32, ಕೊನೆಗೆ 5. ಒಟ್ಟು 101 ವರ್ಷ.

ಇಬ್ಬರಿಗೂ ಗುರು ಎದುರಿಗೇ ಇದ್ದ, ಅದೂ ಪ್ರಜಾಪತಿಯಂಥ ಗುರು. ಸಾನ್ನಿಧ್ಯ ಸಮ, ಪಾಠ ಸಮ. ವಿರೋಚನನಿಗೆ ತಪ್ಪಿದ್ದು ಮರಳಿ ಬರುವುದು. ಪಾಠದ ಮೊದಲ ಭಾಗ ಬೇಕೆಂದೇ ಅರೆಯಾಗಿತ್ತು. ಸಂಶಯ ಹೊತ್ತು ತಿರುಗಿ ಬಂದವನಿಗೆ ಮಾತ್ರ ಮುಂದಿನದು. ಚಿತ್ರೀಕರಿಸಿದ ಪಾಠಕ್ಕೆ ಹೀಗೆ ಶಿಷ್ಯನ ಸಂಶಯಕ್ಕೆ ತಕ್ಕಂತೆ ಎರಡನೆಯ ಮಾತು ಹುಟ್ಟಿಸುವ ಶಕ್ತಿಯಿಲ್ಲ. ಮತ್ತೆ ಒತ್ತಿದರೆ ಅದೇ ಮಾತು, ಅದೇ ನಗು. ಗ್ರೀಸಿನ ಪ್ಲೇಟೋ ತನ್ನ ಫೀಡ್ರಸ್ ಸಂವಾದದಲ್ಲಿ ಬರವಣಿಗೆಯ ಮೇಲೆ ಹೊರಿಸಿದ ದೂರೂ ಇದೇ. ವಿಡಿಯೊದ ವಿಶೇಷ ಅಪಾಯವೆಂದರೆ ಅದು ಎಷ್ಟು ಅಚ್ಚುಕಟ್ಟಾದರೆ ಅಷ್ಟು ಸಂಪೂರ್ಣವಾಗಿ ಕಾಣುತ್ತದೆ. ಸಂಪೂರ್ಣವಾಗಿ ಕಂಡದ್ದರ ಬಗ್ಗೆ ದಾರಿಯಲ್ಲಿ ಸಂಶಯ ಬರುವುದು ಕಡಿಮೆ. ನೀರಿನ ಪಾತ್ರೆಯಲ್ಲಿ ಕಂಡದ್ದೂ ಅಲಂಕರಿಸಿಕೊಂಡ ಬಿಂಬವೇ ಎಂಬುದನ್ನು ಉಪನಿಷತ್ಕಾರ ಸುಮ್ಮನೆ ಹೇಳಿರಲಾರ.

ಕೇಳಿದ್ದರಿಂದಲೇ ಜ್ಞಾನ ಹುಟ್ಟುತ್ತದೆಯೇ ಎಂಬ ಕುರಿತು ಅದ್ವೈತಿಗಳಲ್ಲಿಯೇ ಎರಡು ಪಕ್ಷಗಳಿವೆ. ವಿವರಣ ಪ್ರಸ್ಥಾನದವರಿಗೆ ಮಹಾವಾಕ್ಯದ ಶ್ರವಣವೇ ಮುಖ್ಯ, ಶಬ್ದದಿಂದಲೇ ನೇರ ಅರಿವು, ಅಂದರೆ ಅಪರೋಕ್ಷಜ್ಞಾನ ಹುಟ್ಟಬಲ್ಲದು. ಭಾಮತಿ ಪ್ರಸ್ಥಾನದವರಿಗೆ ಮನನ ನಿದಿಧ್ಯಾಸನಗಳಿಂದ ಸಂಸ್ಕಾರಗೊಂಡ ಮನಸ್ಸೇ ಕರಣ. ಮೊದಲ ಪಕ್ಷದವರು ವಿಡಿಯೊಕ್ಕೆ ಹೆಚ್ಚು ಸಲುಗೆ ಕೊಡುತ್ತಾರೆಂದು ತೋರಬಹುದು, ಶಬ್ದವಂತೂ ತಲುಪಿತಲ್ಲ. ಆದರೆ ಅವರಿಗೂ ಶ್ರವಣವೆಂದರೆ ಕಿವಿಗೆ ಬಿದ್ದದ್ದಲ್ಲ. ವಾಕ್ಯದ ತಾತ್ಪರ್ಯ ಇದೇ ಎಂದು ವಿಚಾರದಿಂದ ನಿಶ್ಚಯಿಸಿಕೊಳ್ಳುವುದು. ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳಿದ್ದು ಯಾವ ಪಕ್ಷದಲ್ಲಿಯೂ ಶ್ರವಣವಾಗದು.

ಶರಣ ಪರಂಪರೆಯಲ್ಲಿ ಪರದೆ ತಲುಪಿಸಬಲ್ಲದ್ದರ ಗಡಿ ಇನ್ನೂ ಸ್ಪಷ್ಟ. ಹದಿನೈದನೆಯ ಶತಮಾನದಿಂದ ಸಂಕಲನಗೊಂಡ ಶೂನ್ಯಸಂಪಾದನೆಗಳು ವಚನಗಳನ್ನು ಸಂವಾದಗಳಾಗಿ ಹೆಣೆದಿವೆ. ಅಲ್ಲಿ ಅಲ್ಲಮ ಪ್ರಶ್ನಿಸುತ್ತಾನೆ, ಎದುರಿನವರು ಉತ್ತರಿಸುತ್ತಾರೆ. ಅಕ್ಕಮಹಾದೇವಿಯನ್ನು ಕಲ್ಯಾಣದಲ್ಲಿ ಪರೀಕ್ಷಿಸುವ ಪ್ರಸಂಗದಲ್ಲಿ ಯಾರು ಯಾರಿಂದ ಕಲಿತರೆಂದು ಹೇಳುವುದೇ ಕಷ್ಟ. ವೀರಶೈವ ದೀಕ್ಷೆಯ ಮೂರು ಬಗೆಗಳಲ್ಲಿ ವೇಧಾದೀಕ್ಷೆಗೆ ಗುರು ಶಿಷ್ಯನ ತಲೆಯ ಮೇಲೆ ಕೈಯಿಡಬೇಕು, ಮಂತ್ರದೀಕ್ಷೆಗೆ ಕಿವಿಯಲ್ಲಿ ಉಸುರಬೇಕು, ಕ್ರಿಯಾದೀಕ್ಷೆಗೆ ಇಷ್ಟಲಿಂಗವನ್ನು ಅಂಗೈಗೆ ಕೊಡಬೇಕು. ಮೂರೂ ಮೈಗೆ ಸಂಬಂಧಿಸಿದ ಕ್ರಿಯೆಗಳು, ಒಬ್ಬರು ಒಬ್ಬರಿಗೇ ಮಾಡುವಂಥವು. ಪ್ರವಚನದ ಸ್ವಭಾವ ಬೇರೆ. ಅದು ಮೊದಲಿನಿಂದಲೂ ಬಯಲಿನಲ್ಲಿ, ಹೆಸರು ಗೊತ್ತಿಲ್ಲದ ಸಾವಿರ ಜನರಿಗೆ ಹೇಳುವ ಮಾತು. ಕ್ಯಾಮೆರಾ ಬಂದಾಗ ಪ್ರವಚನಕ್ಕೆ ಆದ ನಷ್ಟ ಕಡಿಮೆ. ದೀಕ್ಷೆ ಕ್ಯಾಮೆರಾಕ್ಕೆ ಒಗ್ಗುವುದೇ ಇಲ್ಲ. ತರಗತಿಯ ಪಾಠ ಇವೆರಡರ ನಡುವೆ ಎಲ್ಲೋ ಇದೆ. ಕೊರೊನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಪ್ರಸಾರವಾದರೂ, ವಿದ್ಯಾಗಮದ ಹೆಸರಿನಲ್ಲಿ ಶಿಕ್ಷಕರು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಹೋಗಿ ಮಕ್ಕಳನ್ನು ಕಾಣಬೇಕಾಗಿ ಬಂದದ್ದರ ಕಾರಣವೂ ಇದೇ. ಪಾಠ ಪರದೆಯಿಂದ ಹೋದೀತು, ಲೆಕ್ಕದ ವಹಿ ತಿದ್ದಲು ಆಳು ಬೇಕು.

ಉತ್ತರ ಕರ್ನಾಟಕದಲ್ಲಿ ಕ್ಯಾಮೆರಾದ ಮೂಲಕ ಅತಿ ದೂರ ತಲುಪಿದ ಪ್ರವಚನಗಳಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರವು ಮುಖ್ಯ. ಉಪನಿಷತ್ತು, ಯೋಗಸೂತ್ರ, ವಚನಗಳ ಮೇಲೆ ಅವರು ಮಾತಾಡುವಾಗ ಚೌಕಟ್ಟಿನಲ್ಲಿ ಇರುತ್ತಿದ್ದದ್ದು ಬಿಳಿ ಅಂಗಿಯ ಒಬ್ಬ ಮನುಷ್ಯ, ಒಂದು ಆಸನ, ಒಂದು ಮೈಕ್. ಕೈ ಬೀಸುವುದಿಲ್ಲ, ದನಿ ಏರಿಸುವುದಿಲ್ಲ. ವಾಕ್ಯದಿಂದ ವಾಕ್ಯಕ್ಕೆ ಉದ್ದನೆಯ ನಿಲುಗಡೆ. ವಿಡಿಯೊ ಕಸುಬಿನ ಯಾವ ಪಾಠಪಟ್ಟಿಯೂ ಒಪ್ಪದ ಶೈಲಿ ಇದು, ಆದರೂ ಜನ ಗಂಟೆಗಟ್ಟಲೆ ನೋಡುತ್ತಾರೆ. 2018ರಲ್ಲಿ ಬಂದ ಪದ್ಮಶ್ರೀಯನ್ನು ಅವರು ಬೇಡವೆಂದರು. 2023ರ ಜನವರಿ 2ರಂದು ದೇಹ ಬಿಡುವ ಎಷ್ಟೋ ಮೊದಲೇ ತಮಗೆ ಸ್ಮಾರಕ ಕಟ್ಟಬಾರದು, ದೇಹವನ್ನು ದಹಿಸಬೇಕು ಎಂದು ಬರೆದಿಟ್ಟಿದ್ದರು, ಹಾಗೆಯೇ ನಡೆಯಿತು. ಸಮಾಧಿಯಿಲ್ಲ, ಧ್ವನಿಮುದ್ರಣಗಳು ಬಹಳಷ್ಟಿವೆ. ನ್ಯಾಯದ ಅಳತೆಯಲ್ಲಿ ನೋಡಿದರೆ ಆ ಮಾತುಗಳ ಆಪ್ತತೆ ಚಿತ್ರದ ಗುಣದಿಂದ ಬಂದದ್ದಲ್ಲ. ಹೇಳಿದಂತೆ ಬದುಕಿದ್ದನ್ನು ಸೀಮೆಯ ಜನ ದಶಕಗಳ ಕಾಲ ಕಣ್ಣಾರೆ ಕಂಡಿದ್ದರು. ಅದನ್ನು ಕಾಣದ ಮುಂದಿನ ತಲೆಮಾರಿಗೆ ವಿಡಿಯೊ ಮಾತ್ರ ಸಿಗುತ್ತದೆ. ಅದೂ ಇಡಿಯಾಗಿ ಸಿಗುವುದು ಅಪರೂಪ. ಒಂದು ಗಂಟೆಯ ವಿವೇಚನೆಯಿಂದ ಅರ್ಧ ನಿಮಿಷ ಕತ್ತರಿಸಿ, ಸಂಗೀತ ಸೇರಿಸಿ, ಬೆಳಗಿನ ಶುಭಾಶಯದೊಂದಿಗೆ ವಾಟ್ಸ್ಆ್ಯಪಿನಲ್ಲಿ ಬರುತ್ತದೆ. ಖಂಡಿಸಲೆಂದು ಪೂರ್ವಪಕ್ಷವಾಗಿ ಹೇಳಿದ್ದು ಸಿದ್ಧಾಂತವಾಗಿ ಹರಡುವ ಸಾಧ್ಯತೆ ಇಲ್ಲಿ ದೊಡ್ಡದು. ಈಗ ಯಾರದೇ ಮುಖ, ಯಾರದೇ ಕಂಠವನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಬಹುದಾದ್ದರಿಂದ ಕಂಡದ್ದು ಅವರೇ, ಕೇಳಿದ್ದು ಅವರ ಮಾತೇ ಎಂಬುದಕ್ಕೂ ಚಿತ್ರದಾಚೆಯ ಸಾಕ್ಷ್ಯ ಬೇಕು: ಯಾವ ಊರು, ಯಾವ ದಿನ, ಪೂರ್ತಿ ಮುದ್ರಣ ಯಾರ ಬಳಿ ಇದೆ.

ಕೊನೆಯದಾಗಿ ಉಳಿಯುವುದು ತಿದ್ದುಪಡಿಯ ವಿಷಯ. ಎದುರಿಗೆ ಕುಳಿತ ಶಿಷ್ಯರಿಗೆ ನಿನ್ನೆ ಹೇಳಿದ್ದು ತಪ್ಪಾಯಿತು ಎಂದು ಇಂದು ಹೇಳಬಹುದು. ಹಂಚಿದ ವಿಡಿಯೊ ಕೈ ಮೀರಿದ್ದು. ಹೊಸದನ್ನು ಏರಿಸಿದರೂ ಹಳೆಯದು ಎಷ್ಟೋ ಫೋನುಗಳಲ್ಲಿ ಉಳಿದಿರುತ್ತದೆ. ಈ ತೊಂದರೆಯನ್ನೂ ಹಿಂದಿನವರು ಬಲ್ಲರು. ಸನ್ನತಿಯ ಅದೇ ಕಲ್ಲಿನಲ್ಲಿ ಅಶೋಕನ ಹದಿನಾಲ್ಕನೆಯ ಶಾಸನವೂ ಇದೆ; ಕೆಲವು ಕಡೆ ಬರಹ ಅಪೂರ್ಣವಾಗಿರಬಹುದು, ಅದಕ್ಕೆ ಸ್ಥಳದ ಕಾರಣವೋ ಲಿಪಿಕಾರನ ತಪ್ಪೋ ಇರಬಹುದು ಎಂದು ಚಕ್ರವರ್ತಿಯೇ ಅದರಲ್ಲಿ ಒಪ್ಪಿಕೊಂಡಿದ್ದಾನೆ. ಕನ್ನಡದ ತಾಡೋಲೆಗಳ ಕೊನೆಯಲ್ಲಿ ಪ್ರತಿ ಮಾಡಿದವರು ತಪ್ಪಿದ್ದರೆ ತಿದ್ದಿ ಓದಬೇಕೆಂದು ಬಲ್ಲವರನ್ನು ಬೇಡಿಕೊಳ್ಳುವುದು ವಾಡಿಕೆ. ವಿಡಿಯೊ ಪಾಠಕ್ಕೆ ಇದನ್ನು ಅಳವಡಿಸುವುದು ಸಾಧ್ಯವಿದೆ. ಚಿತ್ರೀಕರಿಸಿದ ದಿನಾಂಕವನ್ನು ಆರಂಭದಲ್ಲಿಯೇ ಹೇಳುವುದು, ಯಾವ ಮಾತು ತಾನು ಕಂಡದ್ದು, ಯಾವುದು ಓದಿದ್ದು, ಯಾವುದು ಊಹೆ ಎಂದು ಬೇರೆ ಬೇರೆಯಾಗಿ ತಿಳಿಸುವುದು, ತಪ್ಪು ತಿಳಿದಾಗ ಹಳೆಯ ವಿಡಿಯೊವನ್ನು ಗುಟ್ಟಾಗಿ ಅಳಿಸದೆ ಅದರ ವಿವರಣೆಯಲ್ಲಿ ತಿದ್ದುಪಡಿ ಬರೆದು ಹೊಸದರ ಕೊಂಡಿ ಕೊಡುವುದು. ತರಗತಿಯಲ್ಲಿ ತೋರಿಸುವಾಗಲಂತೂ ಕೆಲಸ ಇನ್ನೂ ಸರಳ: ಪಕ್ಕದಲ್ಲಿ ನಿಂತ ಶಿಕ್ಷಕರು ತಪ್ಪು ಇರುವ ಕಡೆ ವಿಡಿಯೊ ನಿಲ್ಲಿಸಿ, ಇಲ್ಲಿ ಏನು ತಪ್ಪಿದೆ ಎಂದು ಮಕ್ಕಳನ್ನೇ ಕೇಳಬಹುದು.